ಅಂಚು ಕತ್ತರಿಸಿದ ರೋಮನ್ ಬೆಳ್ಳಿ: ಹಾಳಾದ ನಾಣ್ಯವೇ, ದಾಖಲೆಯೇ?

ಕಡಲಾಚೆಕಾಸು
ಎಲ್ಲರಿಗೂ ನಮಸ್ಕಾರ. ಇಲ್ಲಿ ವರಹ, ಪಣ, ಟಿಪ್ಪುವಿನ ಪೈಸೆಗಳ ಬಗ್ಗೆ ಮಾತು ಚೆನ್ನಾಗಿ ನಡೀತಾ ಇದೆ. ನಾನು ಇಂಗ್ಲೆಂಡಿನಲ್ಲಿ ಇರುವವನು, ಕೈಗೆ ಸಿಗುವುದು ರೋಮನ್ ನಾಣ್ಯಗಳು. ಹಾಗಾಗಿ ಬೇರೆ ವಿಷಯ ಎತ್ತುತ್ತಿದ್ದೇನೆ.

ಇತ್ತೀಚೆಗೆ ವೇಲೆನ್ಸ್ ಚಕ್ರವರ್ತಿಯ (ಆಳಿದ್ದು 364ರಿಂದ 378) ಒಂದು ಸಿಲಿಕ್ವಾ (ಸಣ್ಣ ಬೆಳ್ಳಿ ನಾಣ್ಯ) ಕೊಂಡೆ. ಮುಖದ ಬದಿಯಲ್ಲಿ ಮುತ್ತಿನ ಪಟ್ಟಿ ಕಟ್ಟಿದ ತಲೆ, ಬಲಕ್ಕೆ ನೋಡುತ್ತಿದೆ. ಹಿಂಬದಿಯಲ್ಲಿ ಸಿಂಹಾಸನದ ಮೇಲೆ ಕೂತ ರೋಮಾ ದೇವತೆ, ಕೈಯಲ್ಲಿ ಪುಟ್ಟ ವಿಜಯದೇವತೆ. 'ಉರ್ಬ್ಸ್ ರೋಮಾ' ಎಂಬ ಬರಹ ಇರಬೇಕಾದ ಜಾಗದಲ್ಲಿ ಅಕ್ಷರಗಳ ಬುಡ ಮಾತ್ರ ಉಳಿದಿದೆ. ಸುತ್ತ ಅಂಚನ್ನು ಯಾರೋ ಕತ್ತರಿಯಿಂದ ಕತ್ತರಿಸಿದ್ದಾರೆ. ಮಸೂರ ಹಿಡಿದರೆ ಅಂಚು ದುಂಡಗಿಲ್ಲ. ಸಣ್ಣ ಸಣ್ಣ ನೇರ ಗೆರೆಗಳು ಒಂದಕ್ಕೊಂದು ಕೋನದಲ್ಲಿ ಸೇರಿವೆ. ಕತ್ತರಿಯ ಒಂದೊಂದು ಹಿಡಿತವೂ ಬೇರೆ ಬೇರೆ ಕಾಣುತ್ತದೆ. ಕತ್ತರಿಸಿದವರು ಚಕ್ರವರ್ತಿಯ ಮೂಗು, ಗದ್ದ, ಪಟ್ಟಿಯ ಗಂಟು ಯಾವುದನ್ನೂ ಮುಟ್ಟಿಲ್ಲ. ಬರಹ ಹೋಗಿದೆ, ಮುಖ ಇದೆ.

ಬೇರೊಂದು ಗುಂಪಿನಲ್ಲಿ ಚಿತ್ರ ಹಾಕಿದಾಗ "ಇನ್ನೊಂದಿಷ್ಟು ದುಡ್ಡು ಸೇರಿಸಿ ಪೂರ್ತಿ ಇರೋದನ್ನ ತಗೋಬಹುದಿತ್ತಲ್ಲ" ಅಂದರು. ನಾನು ಇದನ್ನೇ ಬೇಕಂತ ಹುಡುಕಿ ಕೊಂಡಿದ್ದು. ಈ ಕತ್ತರಿಸಿದ ಅಂಚಿಗಿಂತ ಒಳ್ಳೆಯ ದಾಖಲೆ ಆ ಕಾಲದ ಬ್ರಿಟನ್ನಿನಿಂದ ನಮಗೆ ಉಳಿದೇ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಮಗೇನನ್ನಿಸುತ್ತೆ?

ತಕ್ಕಡಿ
ತೂಕ ಎಷ್ಟು? ಅದನ್ನೇ ಹೇಳಿಲ್ಲವಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ಸಂಗ್ರಹ ಅಂದ ಮೇಲೆ ನಾಣ್ಯ ಟಂಕಸಾಲೆಯಿಂದ ಹೊರಬಂದ ರೂಪಕ್ಕೆ ಎಷ್ಟು ಹತ್ತಿರ ಇದೆಯೋ ಅಷ್ಟು ಬೆಲೆ. ಅಂಚು ಕತ್ತರಿಸಿದ್ದು ಯಾವ ಕಾಲದಲ್ಲಾದರೂ ಕಳ್ಳತನವೇ. ಅದಕ್ಕೆ ಇತಿಹಾಸದ ಬಣ್ಣ ಹಚ್ಚಬೇಕಾಗಿಲ್ಲ.

ಕಡಲಾಚೆಕಾಸು
1.1 ಗ್ರಾಂ ಸರ್. ಕತ್ತರಿಸದೆ ಇದ್ದಿದ್ದರೆ 2 ಗ್ರಾಂ ಆಸುಪಾಸು ಇರಬೇಕಿತ್ತು. ಹೆಚ್ಚುಕಮ್ಮಿ ಅರ್ಧ ಬೆಳ್ಳಿ ಹೋಗಿದೆ.

ಕಳ್ಳತನದ ಪ್ರಶ್ನೆಗೆ ಬರ್ತೀನಿ, ಮೊದಲು ಹಾಕ್ಸ್‌ನ್ ನಿಧಿಯ ವಿಷಯ ಹೇಳಬೇಕು. 1992ರ ನವೆಂಬರ್‌ನಲ್ಲಿ ಸಫೋಕ್ ಪ್ರಾಂತ್ಯದ ಹಾಕ್ಸ್‌ನ್ ಎಂಬ ಹಳ್ಳಿಯಲ್ಲಿ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಿಕೊಡಲು ಎರಿಕ್ ಲಾಸ್ ಎನ್ನುವವರು ಲೋಹಶೋಧಕ ಹಿಡಿದು ಹೋದರು. ಸಿಕ್ಕಿದ್ದು ಬ್ರಿಟನ್ನಿನಲ್ಲಿ ಈವರೆಗೆ ದೊರೆತ ರೋಮನ್ ಅಂತ್ಯಕಾಲದ ಅತಿ ದೊಡ್ಡ ಚಿನ್ನ-ಬೆಳ್ಳಿ ನಿಧಿ. ಅವರು ಮಾಡಿದ ದೊಡ್ಡ ಕೆಲಸ ಏನೆಂದರೆ, ಎಲ್ಲವನ್ನೂ ಬಾಚಿ ತೆಗೆಯದೆ ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ್ದು. ಮರುದಿನ ಪುರಾತತ್ವದವರು ಬಂದು ಪೆಟ್ಟಿಗೆಯೊಳಗೆ ಯಾವುದು ಎಲ್ಲಿತ್ತು ಎಂಬುದನ್ನೂ ಗುರುತು ಮಾಡಿಕೊಂಡು ಅಗೆದರು. ಹಾಗಾಗಿ ಇವತ್ತು ಬ್ರಿಟಿಷ್ ಮ್ಯೂಸಿಯಂನಲ್ಲಿ ನೋಡುವಾಗ ಅದು ಬರೀ ನಾಣ್ಯದ ರಾಶಿ ಅನ್ನಿಸುವುದಿಲ್ಲ, ಒಂದು ಮನೆತನದ ಆಸ್ತಿ ಅನ್ನಿಸುತ್ತೆ. ಸುತ್ತಿಗೆಯೂ ಸಿಕ್ಕಿತು, ಅದೂ ಮ್ಯೂಸಿಯಂ ಸೇರಿತು.

ಅದರಲ್ಲಿ ಸುಮಾರು 15,000 ನಾಣ್ಯಗಳಿದ್ದವು. 569 ಚಿನ್ನದ ಸಾಲಿಡಸ್, 14,000ಕ್ಕೂ ಹೆಚ್ಚು ಬೆಳ್ಳಿಯ ಸಿಲಿಕ್ವಾ, ಒಂದಿಷ್ಟು ದೊಡ್ಡ ಬೆಳ್ಳಿ ಮತ್ತು ಕಂಚು. ಕೊನೆಯ ನಾಣ್ಯಗಳು ಮೂರನೇ ಕಾನ್‌ಸ್ಟಾಂಟೈನ್‌ನವು, 407-408ರವು. ಮುಖ್ಯ ಸಂಗತಿ ಕೇಳಿ: ಚಿನ್ನದ ನಾಣ್ಯಗಳು ಅಚ್ಚುಕಟ್ಟಾಗಿವೆ. ಸಿಲಿಕ್ವಾಗಳಲ್ಲಿ ಬಹುಪಾಲು ಎಲ್ಲವನ್ನೂ ಕತ್ತರಿಸಿದ್ದಾರೆ.

ತಕ್ಕಡಿ ಸರ್, ಹತ್ತಿಪ್ಪತ್ತು ಕತ್ತರಿಸಿದ್ದರೆ ಕಳ್ಳ ಅನ್ನೋಣ. ಶ್ರೀಮಂತರ ಪೆಟ್ಟಿಗೆಯಲ್ಲಿರುವ ಹದಿನಾಲ್ಕು ಸಾವಿರವೂ ಹಾಗಿದ್ದರೆ ಅದು ಆ ಸಮಾಜ ಒಪ್ಪಿಕೊಂಡ ಪದ್ಧತಿ ಅಲ್ಲವೇ?

ಶಿರಸಿಮೆಣಸು
ಹಾಕ್ಸ್‌ನ್ ಅಂದ ಕೂಡಲೇ ಬಂದೆ. ಅದೇ ಪೆಟ್ಟಿಗೆಯಲ್ಲಿ ಕಾಳುಮೆಣಸಿನ ಪುಡಿ ಉದುರಿಸುವ ನಾಲ್ಕು ಬೆಳ್ಳಿ ಡಬ್ಬಿಗಳು ಸಿಕ್ಕಿವೆ. ಒಂದು ಸ್ತ್ರೀಯ ಅರ್ಧಪ್ರತಿಮೆಯ ಆಕಾರದ್ದು, 'ಸಾಮ್ರಾಜ್ಞಿ ಡಬ್ಬಿ' ಅಂತಲೇ ಹೆಸರಾಗಿದೆ. ಒಳಗೆ ತಿರುಗುವ ಬಿಲ್ಲೆ ಇದೆ: ತುಂಬಿಸಲು ಒಂದು ಸ್ಥಾನ, ಉದುರಿಸಲು ಒಂದು, ಮುಚ್ಚಲು ಒಂದು. ಕಾಳುಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿ ಕಡೆಯಿಂದ. ರೋಮನ್ ಸೈನ್ಯ ಬ್ರಿಟನ್ ಬಿಟ್ಟು ಹೊರಟುಹೋಗುತ್ತಿದ್ದ ಹೊತ್ತಿನಲ್ಲೂ ಸಫೋಕ್‌ನ ಊಟದ ಮೇಜಿನ ಮೇಲೆ ಮಲೆಯ ಮೆಣಸು ಇತ್ತು. ಬೆಳೆಗಾರನಾಗಿ ನನಗೆ ನಾಣ್ಯಕ್ಕಿಂತ ಇದೇ ರೋಮಾಂಚನ.

ಹೊಸಕಣ್ಣು
ನಾನು ಹೊಸಬಳು, ದಯವಿಟ್ಟು ಬುಡದಿಂದ ಹೇಳಿ. ಸಿಲಿಕ್ವಾ ಅಂದ್ರೆ ಏನು? ದಿನಾರಿಯಸ್ ಗೊತ್ತು, ಶಾಲೆಯ ಪುಸ್ತಕದಲ್ಲೇ ಇತ್ತು. ಅದೆಲ್ಲಿ ಹೋಯ್ತು?

ಧಾರವಾಡದ_ಮಾಸ್ತರ
ಛಲೋ ಪ್ರಶ್ನೆ ಕೇಳೀರಿ ತಂಗಿ. ಚುಟುಕಾಗಿ ಹೇಳತೇನಿ.

ಮೂರನೇ ಶತಮಾನದಾಗ ರೋಮನ್ ಬೆಳ್ಳಿ ಪೂರಾ ಕೆಟ್ಟು ಹೋಗಿತ್ತು. ದಿನಾರಿಯಸ್ ಹೋಗಿ, ಅದರ ಜಾಗಕ್ಕ ಬಂದ ನಾಣ್ಯದಾಗ ತಾಮ್ರನ ಹೆಚ್ಚು, ಮ್ಯಾಲ ಬೆಳ್ಳಿ ಲೇಪ. 294ರ ಸುಮಾರು ಡಯೋಕ್ಲೀಷಿಯನ್ ಮತ್ತ ಶುದ್ಧ ಬೆಳ್ಳಿ ನಾಣ್ಯ ತಂದ, ಒಂದು ರೋಮನ್ ಪೌಂಡ್ ತೂಕದ ಬೆಳ್ಳಿಗೆ 96 ನಾಣ್ಯದ ಲೆಕ್ಕ. ಕೆಲವು ನಾಣ್ಯದ ಮ್ಯಾಲ ಆ 96ನ್ನ ರೋಮನ್ ಅಂಕಿಯಾಗ ಹಾಕ್ಯಾರ. ಅದು ಬಾಳ ದಿನ ನಡೀಲಿಲ್ಲ. ಕಾನ್‌ಸ್ಟಾಂಟೈನ್ ಚಿನ್ನದ ಸಾಲಿಡಸ್ ಗಟ್ಟಿ ಮಾಡಿದ, ಪೌಂಡಿಗೆ 72. ಬೆಳ್ಳಿನೂ ಮತ್ತ ಹೊಡೆಸಿದ. ಆತನ ಮಗ ಎರಡನೇ ಕಾನ್‌ಸ್ಟಾಂಟಿಯಸ್ 350ರ ದಶಕದಾಗ ಸಣ್ಣ ಬೆಳ್ಳಿಯ ತೂಕ ಇಳಿಸಿ ಪೌಂಡಿಗೆ 144 ಮಾಡಿದ. ಅಂದ್ರ ಸುಮಾರು 2.2 ಗ್ರಾಂ. ಇದನ್ನ ನಾವು ಈಗ ಸಿಲಿಕ್ವಾ ಅಂತೀವಿ. ಸಿಲಿಕ್ವಾ ಅನ್ನೂದು ಮೂಲದಾಗ ಒಂದು ತೂಕ, ಸಾಲಿಡಸ್ಸಿನ 24ರಾಗ ಒಂದು ಪಾಲು.

ಈ ನಾಣ್ಯ ಯಾಕ ಹೊಡೀತಿದ್ದರು? ಹೊಸ ಚಕ್ರವರ್ತಿ ಪಟ್ಟಕ್ಕ ಬಂದಾಗ, ಐದು ವರ್ಷಕ್ಕೊಮ್ಮೆ, ಹತ್ತು ವರ್ಷಕ್ಕೊಮ್ಮೆ ಸೈನಿಕರಿಗೆ, ಅಧಿಕಾರಿಗಳಿಗೆ ಚಿನ್ನ-ಬೆಳ್ಳಿ ಹಂಚಬೇಕಿತ್ತು. ಅದಕ್ಕ ಹಿಂಬದಿ ಮಾಲೆಯೊಳಗ 'ವೋಟ್ 5, ಮುಲ್ಟ್ 10' ಅಂತಿರತದ. ಐದು ವರ್ಷದ ಹರಕೆ ತೀರಿಸೀವಿ, ಹತ್ತಕ್ಕ ಹರಕೆ ಹೊತ್ತೀವಿ ಅಂತ ಅರ್ಥ.

ಇನ್ನೊಂದು ಮಾತು. ಹಿಂಬದಿ ಕೆಳಗ 'ಟಿ.ಆರ್.ಪಿ.ಎಸ್.' ಅಂತ ಇದ್ದರ ಮೊದಲಿನ ಎರಡಕ್ಷರ ಟ್ರಿಯರ್ ಟಂಕಸಾಲೆ, ಈಗಿನ ಜರ್ಮನಿಯಾಗಿನ ಊರು. ಕೊನೆಯ ಎರಡು 'ಪುಸುಲಾಟುಮ್', ಶುದ್ಧೀಕರಿಸಿದ ಬೆಳ್ಳಿ ಅನ್ನೂ ಖಾತ್ರಿ. ಕತ್ತರಿ ಮೊದಲು ತಿನ್ನೂದು ಈ ಖಾತ್ರಿಯ ಅಕ್ಷರಗಳನ್ನ.

ತಕ್ಕಡಿ
ಮಾಸ್ತರ್ ಹೇಳಿದ ಕೊನೆಯ ಸಾಲೇ ನನ್ನ ವಾದಕ್ಕೆ ಬಲ. ಸರಕಾರ ಕೊಟ್ಟ ಖಾತ್ರಿಯನ್ನೇ ಕತ್ತರಿಸಿ ಜೇಬಿಗೆ ಹಾಕಿಕೊಂಡರು. ಇದು ಪದ್ಧತಿ ಹೇಗಾಗುತ್ತೆ?

ಕಡಲಾಚೆಕಾಸು
ಸರಕಾರವೇ ಇಲ್ಲದ ಮೇಲೆ?

ಕ್ರಮವಾಗಿ ನೋಡಿ. ಬ್ರಿಟನ್ನಿನಲ್ಲಿ ಆಗ ಕೆಲಸ ಮಾಡುವ ಟಂಕಸಾಲೆ ಇರಲಿಲ್ಲ. ಚಕ್ರವರ್ತಿ ಮ್ಯಾಗ್ನಸ್ ಮ್ಯಾಕ್ಸಿಮಸ್ 380ರ ದಶಕದಲ್ಲಿ ಲಂಡನ್ನಿನಲ್ಲಿ ಕೆಲವು ಹೊಡೆಸಿದ್ದ, ಅಷ್ಟೇ. ಅವು ಇವತ್ತು ಸಿಗುವುದೇ ದುರ್ಲಭ. ಬೆಳ್ಳಿ ಬರಬೇಕಿದ್ದದ್ದು ಟ್ರಿಯರ್, ಲಿಯಾನ್, ಆರ್ಲ್, ಮಿಲಾನ್ ಕಡೆಯಿಂದ, ಸೈನ್ಯದ ಸಂಬಳದ ಜೊತೆ. ಐದನೇ ಶತಮಾನದ ಮೊದಲ ದಶಕದಲ್ಲಿ ಆ ಹರಿವು ನಿಂತಿತು. ಸಂತೆ, ಸಾಲ, ಗೇಣಿ ನಿಲ್ಲಲಿಲ್ಲವಲ್ಲ? ಇರುವ ನಾಣ್ಯವನ್ನೇ ನಡೆಸಬೇಕು. ಆಗ ಸ್ವಲ್ಪ ಸ್ವಲ್ಪ ಕತ್ತರಿಸಿ, ಆ ಚೂರುಗಳನ್ನು ಕರಗಿಸಿ ಸ್ಥಳೀಯವಾಗಿ ನಕಲಿ ಸಿಲಿಕ್ವಾ ಹೊಡೆದರು ಎಂಬ ವಾದವೊಂದಿದೆ. ಹಾಕ್ಸ್‌ನ್‌ನಲ್ಲೇ ನಾನೂರಕ್ಕೂ ಮಿಕ್ಕಿ ಅಂಥ ಸ್ಥಳೀಯ ನಕಲುಗಳಿವೆ. ಹೀಗೆ ಮಾಡಿದರೆ ಅದೇ ಬೆಳ್ಳಿಯಿಂದ ಹೆಚ್ಚು ನಾಣ್ಯ ಚಲಾವಣೆಗೆ ಬರುತ್ತದೆ. ಬಟವಾಡೆಯಲ್ಲಿ ತೂಕ ನೋಡುವ ಬದಲು ಎಣಿಸುತ್ತಿದ್ದರು ಅಂದರೆ ಮಾತ್ರ ಇದು ನಡೆಯುತ್ತದೆ. ಮುಖವನ್ನು ಉಳಿಸಿದ್ದು ಅದಕ್ಕೇ: ಮುಖ ಇದ್ದರೆ ನಾಣ್ಯ, ಇಲ್ಲದಿದ್ದರೆ ಬೆಳ್ಳಿ ಚೂರು.

ಸಾಮ್ರಾಜ್ಯದ ಬೇರೆ ಯಾವ ಭಾಗದಲ್ಲೂ ಕತ್ತರಿಸಿದ ಸಿಲಿಕ್ವಾ ಈ ಪ್ರಮಾಣದಲ್ಲಿ ಸಿಗುವುದಿಲ್ಲ. ಹಾಗಾಗಿ ಮೂಲ ತಿಳಿಯದ ನಾಣ್ಯ ಕೈಗೆ ಬಂದರೂ, ಹೀಗೆ ಕತ್ತರಿಸಿದ್ದರೆ ಅದು ಬ್ರಿಟನ್ನಿನಲ್ಲಿ ಓಡಾಡಿದ ನಾಣ್ಯ ಎಂದು ಬಹುಪಾಲು ಧೈರ್ಯವಾಗಿ ಹೇಳಬಹುದು. ಟಂಕಸಾಲೆಯ ಗುರುತು ಹುಟ್ಟಿದ ಊರು ಹೇಳಿದರೆ ಕತ್ತರಿ ಬದುಕಿದ ಊರು ಹೇಳುತ್ತೆ. ಪೂರ್ತಿ ಇರುವ ನಾಣ್ಯ ಇಷ್ಟು ಹೇಳಲಾರದು.

ತಕ್ಕಡಿ
ಎಣಿಸುತ್ತಿದ್ದರು ಅನ್ನುವುದಕ್ಕೆ ಆಧಾರ ಮುಖ ಉಳಿದದ್ದು ಮಾತ್ರವೇ? ಕತ್ತರಿಸಿದವನಿಗೆ ಅಂಚಿನಲ್ಲಿ ಕತ್ತರಿಸುವುದು ಸುಲಭ, ಸಹಜವಾಗಿ ನಡು ಉಳಿಯುತ್ತದೆ. ಇನ್ನೊಂದು: ತೂಕಕ್ಕೆ ಬೆಲೆ ಇತ್ತು ಅನ್ನುವುದಕ್ಕೂ ಆಧಾರ ಇದೆಯಲ್ಲ? ಸ್ಕಾಟ್ಲೆಂಡಿನ ಟ್ರಪ್ರೇನ್ ಲಾ ಗುಡ್ಡದಲ್ಲಿ 1919ರಲ್ಲಿ ಸಿಕ್ಕ ರೋಮನ್ ಬೆಳ್ಳಿ ನೋಡಿ. 20 ಕಿಲೋಗೂ ಮಿಕ್ಕಿದ ಪಾತ್ರೆ-ಬಟ್ಟಲುಗಳನ್ನು ಕಡಿದು, ಮಡಚಿ, ಚಪ್ಪಟೆ ಮಾಡಿದ್ದಾರೆ. ಜೊತೆಗೆ ನಾಲ್ಕಾರು ಕತ್ತರಿಸಿದ ಸಿಲಿಕ್ವಾಗಳೂ ಇವೆ. ಅಲ್ಲಿ ಚಕ್ರವರ್ತಿಯ ಮುಖಕ್ಕೆ ಯಾವ ಬೆಲೆ? ತಕ್ಕಡಿಯೇ ದೊರೆ.

ಕಡಲಾಚೆಕಾಸು
ಟ್ರಪ್ರೇನ್ ಸಾಮ್ರಾಜ್ಯದ ಗಡಿಯಾಚೆ. ಅಲ್ಲಿ ತೂಕ ಅನ್ನುವುದು ಒಪ್ಪುತ್ತೇನೆ. ಗಡಿಯೊಳಗೆ ಒಂದು ತಲೆಮಾರು ಎಣಿಕೆ ನಡೆದು, ಆಮೇಲೆ ಅಲ್ಲೂ ತೂಕಕ್ಕೆ ಇಳಿದಿರಬಹುದು. ಆದರೆ "ಸುಲಭ" ಅನ್ನುವುದನ್ನು ಒಪ್ಪಲಾರೆ. ನನ್ನ ನಾಣ್ಯದಲ್ಲಿ ಹಣೆಯ ಮುಂದೆ ಕತ್ತರಿ ಎರಡು ಸಲ ದಿಕ್ಕು ಬದಲಿಸಿದೆ, ಮೂಗನ್ನು ತಪ್ಪಿಸಿಕೊಂಡು ಹೋಗಿದೆ. ಹಿಂಬದಿಯ ದೇವತೆಯ ಮೊಣಕಾಲನ್ನು ಮಾತ್ರ ಸಲೀಸಾಗಿ ಕತ್ತರಿಸಿದ್ದಾರೆ. ಯಾವ ಬದಿ ಮುಖ್ಯ ಅನ್ನುವುದು ಅವರಿಗೆ ಗೊತ್ತಿತ್ತು.

ಪುಟ್ಟಬೆಳ್ಳಿ
ನಾನು ಪೂರ್ವದ ಕಡೆಯವಳು, ಬೈಜಾಂಟೈನ್ (ಪೂರ್ವ ರೋಮನ್) ನಾಣ್ಯಗಳೇ ನನ್ನ ಹುಚ್ಚು. ಚರ್ಚೆ ಬ್ರಿಟನ್ನಿನಲ್ಲೇ ಸುತ್ತುತ್ತಿದೆ, ಈ ಕಥೆಯ ಉಳಿದರ್ಧ ಹೇಳಲು ಬಿಡಿ.

ಐದು-ಆರನೇ ಶತಮಾನದಲ್ಲಿ ಪೂರ್ವದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಾಮಾನ್ಯರ ಕೈಯಲ್ಲಿ ಬೆಳ್ಳಿಯೇ ಕಾಣುವುದಿಲ್ಲ. ಸಂಬಳ, ತೆರಿಗೆ ಚಿನ್ನದಲ್ಲಿ. ಸಂತೆಗೆ ತಾಮ್ರ, ಅದನ್ನೂ 498ರಲ್ಲಿ ಅನಸ್ತಾಸಿಯಸ್ ಸುಧಾರಿಸಿ 40 ನುಮ್ಮಿಯ (ನುಮ್ಮಿ ಅಂದರೆ ಅತಿ ಸಣ್ಣ ತಾಮ್ರದ ಕಾಸು) ದೊಡ್ಡ ನಾಣ್ಯ ತಂದ. ಬೆಳ್ಳಿ ಹೊಡೆಯುತ್ತಿದ್ದದ್ದು ಹೆಚ್ಚಾಗಿ ಸಮಾರಂಭಗಳಲ್ಲಿ ಹಂಚುವುದಕ್ಕೆ. ಆದರೆ ಪಶ್ಚಿಮದ ಎರಡು ಊರುಗಳು ಬೆಳ್ಳಿಯನ್ನು ಬಿಡಲಿಲ್ಲ: ಇಟಲಿಯ ರವೆನ್ನಾ ಮತ್ತು ಉತ್ತರ ಆಫ್ರಿಕದ ಕಾರ್ತೇಜ್.

ಕಾರ್ತೇಜನ್ನು 439ರಲ್ಲಿ ವಾಂಡಲರು ಎಂಬ ಜರ್ಮನಿಕ್ ಜನ ಹಿಡಿದರು. ಅವರ ದೊರೆ ಗುಂಥಮುಂಡ್ (484-496) ತನ್ನದೇ ಹೆಸರಿನಲ್ಲಿ 100, 50, 25 ದಿನಾರಿಯ ಬೆಲೆಯ ಬೆಳ್ಳಿ ಹೊಡೆಸಿದ. ಹಿಂಬದಿಯಲ್ಲಿ ಮಾಲೆ, ಒಳಗೆ ಅಂಕಿ. ಐವತ್ತರದ್ದು ಒಂದು ಗ್ರಾಮಿನ ಆಸುಪಾಸು. ಇಷ್ಟು ಸ್ಪಷ್ಟವಾಗಿ ಬೆಲೆ ಬರೆದ ಸಣ್ಣ ಬೆಳ್ಳಿ ರೋಮನ್ನರಲ್ಲೂ ಅಪರೂಪ. ಅತ್ತ ಇಟಲಿಯಲ್ಲಿ ಆಸ್ಟ್ರೋಗಾತ್ ದೊರೆ ಥಿಯೋಡರಿಕ್ ಕಾಲು ಸಿಲಿಕ್ವಾ ಹೊಡೆಸಿದ, ಮುಕ್ಕಾಲು ಗ್ರಾಂ ಇದ್ದರೆ ಹೆಚ್ಚು. ಮುಂದೆ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ತಲೆ ಮತ್ತು ಹೆಸರು, ಹಿಂದೆ ಅಕ್ಷರಗಳನ್ನು ಹೆಣೆದ ಥಿಯೋಡರಿಕ್‌ನ ಮೊಹರು. ಆಳುವವನು ತಾನು, ಮರ್ಯಾದೆ ಅವನಿಗೆ: ಹದಿಮೂರು-ಹದಿನಾಲ್ಕು ಮಿಲಿಮೀಟರ್ ಬೆಳ್ಳಿಯಲ್ಲಿ ಇಡೀ ರಾಜಕೀಯ ಒಪ್ಪಂದ ಕೂತಿದೆ. ಇದನ್ನು ಕೈಯಲ್ಲಿ ಹಿಡಿದಾಗ ನನಗೆ ಮಾತೇ ಹೊರಡುವುದಿಲ್ಲ.

ಆಮೇಲೆ ಜಸ್ಟಿನಿಯನ್ನನ ಸೇನಾಪತಿ ಬೆಲಿಸಾರಿಯಸ್ 533ರಲ್ಲಿ ಕಾರ್ತೇಜ್, 540ರಲ್ಲಿ ರವೆನ್ನಾ ತೆಗೆದುಕೊಂಡ. ಗೆದ್ದವರು ಸ್ಥಳೀಯ ಬೆಳ್ಳಿಯನ್ನು ನಿಲ್ಲಿಸಲಿಲ್ಲ, ತಮ್ಮ ಹೆಸರಿನಲ್ಲಿ ಮುಂದುವರಿಸಿದರು. ರವೆನ್ನಾದ ಜಸ್ಟಿನಿಯನ್ ನಾಣ್ಯಗಳಲ್ಲಿ ಗ್ರೀಕ್ ಅಂಕಿಯಲ್ಲಿ 250, 125 ಎಂದು ನುಮ್ಮಿಯ ಬೆಲೆ ಇದೆ. ಕಾರ್ತೇಜ್‌ನಲ್ಲಿ ಎರಡನೇ ಟೈಬೀರಿಯಸ್ ಕಾಲದ ಅರೆ ಸಿಲಿಕ್ವಾ ಮೇಲೆ 'ಲೋಕದ ಬೆಳಕು', ಮಾರಿಸ್ ಕಾಲದ್ದರ ಮೇಲೆ 'ಲೋಕದ ರಕ್ಷೆ' ಎಂಬ ಲ್ಯಾಟಿನ್ ಬರಹ, ಜೊತೆಗೆ ಶಿಲುಬೆ. ಜನ ಒಗ್ಗಿಕೊಂಡಿದ್ದ ಚಿಲ್ಲರೆಯನ್ನು ಯಾವ ದೊರೆಯೂ ಸುಲಭವಾಗಿ ತೆಗೆಯಲಾರ ಅನ್ನುವುದಕ್ಕೆ ಇವೇ ಸಾಕ್ಷಿ.

ನನಗೆ ತೀರಾ ಇಷ್ಟವಾದ ಒಂದು ಗುಂಪು ಇದೆ: ಚಕ್ರವರ್ತಿಯ ಹೆಸರೇ ಇಲ್ಲದ, ಶಿರಸ್ತ್ರಾಣ ತೊಟ್ಟ ನಗರದೇವತೆಯ ಮುಖ ಮತ್ತು ಹಿಂದೆ ದೊಡ್ಡದಾಗಿ ಒಂದೇ ಅಕ್ಷರ ಇರುವ ಪುಟ್ಟ ಬೆಳ್ಳಿ. ಕಪ್ಪಾ ಇದ್ದರೆ ಕಾನ್‌ಸ್ಟಾಂಟಿನೋಪಲ್, ರೋ ಇದ್ದರೆ ರೋಮ್. 330ರಲ್ಲಿ ಹೊಸ ರಾಜಧಾನಿಯ ಉದ್ಘಾಟನೆಗೆ ಹೊಡೆದದ್ದು ಅಂತ ಕೆಲವರು, ಇನ್ನೂರು ವರ್ಷದ ನೆನಪಿಗೆ ಜಸ್ಟಿನಿಯನ್ ಕಾಲದಲ್ಲಿ ಹೊಡೆದದ್ದು ಅಂತ ಕೆಲವರು. ಶೈಲಿ ನೋಡಿದರೆ ನಾನು 330ರ ಪರ.

ಹೊಸಕಣ್ಣು
ಪುಟ್ಟಬೆಳ್ಳಿ ಅಕ್ಕ, ಹಾಗಾದರೆ ಪೂರ್ವದಲ್ಲಿ ಬೆಳ್ಳಿ ಮತ್ತೆ ಬರಲೇ ಇಲ್ಲವಾ?

ಪುಟ್ಟಬೆಳ್ಳಿ
ಬಂತು, ಕಷ್ಟಕಾಲದಲ್ಲಿ. 614ರಲ್ಲಿ ಪರ್ಷಿಯನ್ನರು ಜೆರುಸಲೇಮ್ ಹಿಡಿದರು. ಮರುವರ್ಷ, 615ರಲ್ಲಿ, ಚಕ್ರವರ್ತಿ ಹೆರಾಕ್ಲಿಯಸ್ ಆರು ಗ್ರಾಮಿಗೂ ಮೀರಿದ ದಪ್ಪ ಬೆಳ್ಳಿ ನಾಣ್ಯ ಹೊರಡಿಸಿ ಅದರಲ್ಲೇ ಸಂಬಳ ಕೊಟ್ಟ, ಅದೂ ಹಳೆಯ ಸಂಬಳದ ಅರ್ಧ. ಮುಂದೆ ಯುದ್ಧಕ್ಕಾಗಿ ಚರ್ಚುಗಳ ಬೆಳ್ಳಿಯನ್ನೂ ಕರಗಿಸಿದರು. ಇದಕ್ಕೆ ಹೆಕ್ಸಾಗ್ರಾಮ್ ಅನ್ನುತ್ತಾರೆ. ಹಿಂಬದಿಯಲ್ಲಿ ಮೆಟ್ಟಿಲುಗಳ ಮೇಲೆ ಶಿಲುಬೆ, ಸುತ್ತ 'ದೇವರೇ, ರೋಮನ್ನರಿಗೆ ನೆರವಾಗು'. ಅವಸರದಲ್ಲಿ ಹೊಡೆದ ನಾಣ್ಯ ಅಂತ ನೋಡಿದರೇ ಗೊತ್ತಾಗುತ್ತೆ: ಬಿಲ್ಲೆ ಓರೆ, ಅಚ್ಚು ಒಂದು ಕಡೆ ಜಾರಿದೆ, ಒಂದರ ಮೇಲೊಂದು ಎರಡು ಏಟು. ನಾಣ್ಯದ ಮೇಲೆ ಇಷ್ಟು ನೇರವಾದ ಮೊರೆ ನಾನು ಬೇರೆಲ್ಲೂ ಓದಿಲ್ಲ.

ಆಮೇಲೆ 720ರಲ್ಲಿ ಮೂರನೇ ಲಿಯೋ ಮಗುವಾಗಿದ್ದ ಮಗ ಐದನೇ ಕಾನ್‌ಸ್ಟಾಂಟೈನ್‌ಗೆ ಪಟ್ಟ ಕಟ್ಟಿದಾಗ ಮಿಲಿಯಾರೆಸಿಯನ್ ತಂದ. ತೆಳು, ಅಗಲ, 2 ಗ್ರಾಮಿಗೆ ಸ್ವಲ್ಪ ಮೇಲೆ. ಮುಖವೇ ಇಲ್ಲ! ಒಂದು ಬದಿ ಸಾಲುಸಾಲಾಗಿ ಬರಹ, ಇನ್ನೊಂದು ಬದಿ ಶಿಲುಬೆ. ಇದಕ್ಕೆ ಮಾದರಿ ಅರಬರ ದಿರ್ಹಮ್. 690ರ ದಶಕದ ಕೊನೆಯಲ್ಲಿ ಖಲೀಫ ಅಬ್ದುಲ್ ಮಲಿಕ್ ಬರೀ ಅಕ್ಷರಗಳ ದಿರ್ಹಮ್ ತಂದಿದ್ದ. ಎಷ್ಟೋ ಮಿಲಿಯಾರೆಸಿಯನ್‌ಗಳನ್ನು ದಿರ್ಹಮ್ ಮೇಲೆಯೇ ಮರುಮುದ್ರಿಸಿದ್ದಾರೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಗ್ರೀಕ್ ಅಕ್ಷರದ ಅಡಿಯಲ್ಲಿ ಅರಬ್ಬಿ ಗೆರೆ ಕಾಣುತ್ತೆ. ಹನ್ನೆರಡು ಸೇರಿದರೆ ಒಂದು ಚಿನ್ನದ ನಾಣ್ಯ. ಇದು ಹನ್ನೊಂದನೇ ಶತಮಾನದವರೆಗೂ ನಡೆಯಿತು.

ಶಿರಸಿಮೆಣಸು
ಇವು ನಮ್ಮ ಕಡೆ ಬಂದಿವೆಯಾ? ಮೆಣಸು ಹೋದ ಮೇಲೆ ದುಡ್ಡು ಬರಬೇಕಲ್ಲ.

ಧಾರವಾಡದ_ಮಾಸ್ತರ
ದುಡ್ಡು ಬಂದದ ಖರೆ, ಆದರ ಈ ಬೆಳ್ಳಿ ಅಲ್ಲ. ಮೊದಲನೇ ಶತಮಾನದ ದಿನಾರಿಯಸ್ ನಮ್ಮಲ್ಲಿ ಬೇಕಾದಷ್ಟು. 1891ರಾಗ ಬೆಂಗಳೂರಿನ ಯಶವಂತಪುರದ ಹತ್ತಿರ ರೈಲು ಹಾದಿ ಕೆಲಸದಾಗ ನೂರೈವತ್ತಕ್ಕೂ ಹೆಚ್ಚು ಸಿಕ್ಕವು. ಚಿತ್ರದುರ್ಗದ ಚಂದ್ರವಳ್ಳಿ ಉತ್ಖನನದಾಗ ಟೈಬೀರಿಯಸ್‌ನ ದಿನಾರಿಯಸ್ ಸಿಕ್ಕದ. ತಡವಾದ ಕಾಲಕ್ಕ ಬಂದರ ಚಿನ್ನ: ನಮ್ಮ ಹಾನಗಲ್ ತಾಲೂಕಿನ ಅಕ್ಕಿಆಲೂರಾಗ ಪೂರ್ವ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯದ ನಿಧಿ ಸಿಕ್ಕದ. ತಮಿಳುನಾಡಿನ ಕರೂರು, ಮದುರೆ, ಮತ್ತ ಶ್ರೀಲಂಕಾದಾಗ ನಾಲ್ಕು-ಐದನೇ ಶತಮಾನದ ಸಣ್ಣ ತಾಮ್ರ ರಾಶಿರಾಶಿ.

ಆರನೇ ಶತಮಾನದ ವರ್ತಕ ಕಾಸ್ಮಾಸ್ ಬರದ ಒಂದು ಪ್ರಸಂಗ ಅದ. ಸಿಂಹಳದ ಅರಸ ರೋಮನ್ ವ್ಯಾಪಾರಿ ಸೊಪಾತ್ರಸ್‌ನನ್ನೂ ಒಬ್ಬ ಪರ್ಷಿಯನ್‌ನನ್ನೂ ಕರದು, ನಿಮ್ಮಿಬ್ಬರಾಗ ಯಾರ ದೊರೆ ದೊಡ್ಡವ ಅಂತ ಕೇಳಿದನಂತ. ಸೊಪಾತ್ರಸ್ ಎರಡೂ ನಾಣ್ಯ ಮುಂದ ಇಟ್ಟ. ರೋಮಿನದು ಚಿನ್ನ, ಪರ್ಷಿಯಾದ್ದು ಬೆಳ್ಳಿ. ಅರಸ ನೋಡಿ ತೀರ್ಪು ಕೊಟ್ಟ. ಕಥಿ ರೋಮನ್ನರ ಪರ ಕಟ್ಟಿದ್ದು ಇರಬಹುದು. ಆದರ ಹಿಂದೂ ಮಹಾಸಾಗರದಾಗ ರೋಮ್ ಅಂದರ ಚಿನ್ನ, ಬೆಳ್ಳಿ ಅಂದರ ಪರ್ಷಿಯಾ ಅನ್ನೂ ಮಾತು ಇದರಾಗ ಸ್ಪಷ್ಟ ಅದ. ಸಿಲಿಕ್ವಾ ಇಲ್ಲಿಗೆ ಯಾಕ ಬರಲಿಲ್ಲ ಅನ್ನೂದಕ್ಕ ಅರ್ಧ ಉತ್ತರ ಇಲ್ಲೇ ಅದ.

ತಕ್ಕಡಿ
ಕೊಳ್ಳುವವರಿಗೆ ಎರಡು ಮಾತು. ಎರಕದ ನಕಲಿಗಳಲ್ಲಿ ಮೇಲ್ಮೈ ಮೇಲೆ ಗುಳ್ಳೆಗಳ ಗುಂಡಿ, ಅಂಚಿನಲ್ಲಿ ಜೋಡಣೆಯ ಗೆರೆ ಹುಡುಕಿ. ಕತ್ತರಿಸಿದ ನಾಣ್ಯವಾದರೆ ಕತ್ತರಿಸಿದ ಮೇಲ್ಮೈಗೂ ಮುಖಕ್ಕೂ ಒಂದೇ ಕಪ್ಪು ಇರಬೇಕು. ಅಂಚು ಮಾತ್ರ ಹೊಳೆಯುತ್ತಿದ್ದರೆ ದೂರ ಇಡಿ. ಈ ಬೆಳ್ಳಿ ನೆಲದಲ್ಲಿ ಹದಿನಾರು ಶತಮಾನ ಇದ್ದು ಪೆಡಸಾಗಿರುತ್ತದೆ, ಬಗ್ಗಿಸಲು ಹೋದರೆ ಲಟಕ್ಕನೆ ಮುರಿಯುತ್ತೆ.

ಕಾನೂನೂ ಗೊತ್ತಿರಲಿ. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಕಾಯ್ದೆ ಪ್ರಕಾರ ಒಂದೇ ಕಡೆ ಮುನ್ನೂರು ವರ್ಷ ಮೀರಿದ ಎರಡು ಬೆಳ್ಳಿ ನಾಣ್ಯ ಸಿಕ್ಕರೂ ವರದಿ ಮಾಡಲೇಬೇಕು. ನಮ್ಮಲ್ಲಿ ನೆಲದಲ್ಲಿ ಸಿಕ್ಕಿದ್ದಕ್ಕೆ 1878ರ ನಿಧಿ ಕಾಯ್ದೆ ಇದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ಮೀರಿದ ನಾಣ್ಯವನ್ನು ಖಾಸಗಿಯಾಗಿ ದೇಶದ ಹೊರಗೆ ಕಳಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ಮೂಲ ವಿಷಯಕ್ಕೆ: ಪೂರ್ತಿ ನಾಣ್ಯವೇ ಮೇಲು ಅನ್ನುವುದು ನನ್ನ ನಿಲುವು ಈಗಲೂ. ಆದರೆ ಮೂಗನ್ನು ಬಳಸಿಕೊಂಡು ಹೋದ ಆ ಕತ್ತರಿಯ ಚಿತ್ರ ಇನ್ನಷ್ಟು ಹತ್ತಿರದಿಂದ ತೆಗೆದು ಹಾಕಿ, ನೋಡಬೇಕು.

ಹೊಸಕಣ್ಣು
ಒಂದು ಸಿಲಿಕ್ವಾ ನೋಡ್ತಾ ಇದ್ದೀನಿ, ಎರಡನೇ ಕಾನ್‌ಸ್ಟಾಂಟಿಯಸ್‌ನದು, ಮಾಲೆಯೊಳಗೆ 30-40ರ ಹರಕೆ. ಕೆಳಗೆ 'ಪಿ.ಸಿ.ಒ.ಎನ್.' ಇದೆ. ಮಾರುವವರು ಕಾನ್‌ಸ್ಟಾಂಟಿನೋಪಲ್ ಅಂತ ಬರೆದಿದ್ದಾರೆ. ಹೌದಾ?

ಪುಟ್ಟಬೆಳ್ಳಿ
ಅಲ್ಲ. ಅದು ದಕ್ಷಿಣ ಫ್ರಾನ್ಸಿನ ಆರ್ಲ್. ಆ ಊರಿಗೆ ಆಗ ಕಾನ್‌ಸ್ಟಾಂಟಿನಾ ಅಂತ ಹೆಸರಿಟ್ಟಿದ್ದರು, ಹಾಗಾಗಿ ಈ ಗುರುತು. ಮೊದಲ ಅಕ್ಷರ ಅಲ್ಲಿನ ಒಂದನೇ ಕಾರ್ಯಾಗಾರದ್ದು. ಮಾರುವವರಿಗೆ ಬರೆದು ತಿಳಿಸಿ, ತಿದ್ದಿಕೊಳ್ಳಲಿ. ಬೆಲೆ ಸರಿ ಇದ್ದರೆ ಧೈರ್ಯವಾಗಿ ತಗೊಳ್ಳಿ, ಆರ್ಲ್‌ನ ಕೆತ್ತನೆ ಚೆನ್ನಾಗಿರುತ್ತೆ.